ತೂಕಕ್ಕೆ ಹೋದ ಸಾಮಾನು

ಅಜ್ಜಿಯ ತವರಿನಿಂದ ಬಂದ ತಾಮ್ರದ ಹಂಡೆಯಾಗಲಿ, ನಾಟಕದ ಹಾಡುಗಳನ್ನು ನುಡಿಯುತ್ತಿದ್ದ ನಾಯಿ ಮಾರ್ಕಿನ ಗ್ರಾಮಫೋನು ಪ್ಲೇಟಾಗಲಿ, ಪತ್ತಾರನ ಕೈಯಲ್ಲಿ ನುಣುಪಾದ ಹಿತ್ತಾಳೆಯ ಅಡಕತ್ತರಿಯಾಗಲಿ, ದಾವಣಗೆರೆ ಹರಿಹರಗಳ ಗುಜರಿ ಅಂಗಡಿಯ ಹೊಸ್ತಿಲನ್ನು ದಾಟಿತೆಂದರೆ ಅದರ ವಯಸ್ಸನ್ನು ಯಾರೂ ಕೇಳುವುದಿಲ್ಲ. ಲೋಹವಾದರೆ ತಕ್ಕಡಿಗೆ ಏರುತ್ತದೆ, ಲೋಹವಲ್ಲದಿದ್ದರೆ ಮೂಲೆಗೆ ಬೀಳುತ್ತದೆ. ಹಳೆಯ ವಸ್ತುಗಳನ್ನು ಅರಸುವ ಹವ್ಯಾಸಿಗಳು ಈಚೆಗೆ ನಮ್ಮ ಕಡೆಯೂ ಕಾಣಿಸಿಕೊಂಡಿದ್ದಾರಷ್ಟೆ. ಅವರಿಗೆ ಇಂದು ಏನು ದೊರೆಯುತ್ತದೆ, ಏನು ದೊರೆಯುವುದಿಲ್ಲ ಎಂಬುದನ್ನು ನಿರ್ಧರಿಸಿದುದು ವಸ್ತುವಿನ ಅಂದಚಂದವಲ್ಲ; ಯಾವ ಕಾಲದಲ್ಲಿ ಯಾವ ಕಾರಣಕ್ಕಾಗಿ ಅದು ಮನೆಯಿಂದ ಹೊರಬಿದ್ದಿತೆಂಬ ಸಂಗತಿಯೇ.

ಈ ಸೀಮೆಗೆ ಸಾಮಾನು ಬಂದು ಸೇರಿದ ಬಗೆಯನ್ನು ಮೊದಲು ಹೇಳಬೇಕು. ಹರಿಹರವು ತುಂಗಭದ್ರೆಯ ತಡಿಯ ಪುರಾತನ ಕ್ಷೇತ್ರ. ಅಲ್ಲಿಯ ಹರಿಹರೇಶ್ವರನ ಗುಡಿಯನ್ನು ಹೊಯ್ಸಳರ ಇಮ್ಮಡಿ ನರಸಿಂಹನ ದಂಡನಾಥನಾದ ಪೊಲಾಳ್ವನು 1224ರಲ್ಲಿ ಕಟ್ಟಿಸಿದನು. ದಾವಣಗೆರೆಯಾದರೋ ವರ್ತಕರ ಸೃಷ್ಟಿ. ಹೈದರಾಲಿಯಿಂದ ಇದನ್ನು ಜಹಗೀರಾಗಿ ಪಡೆದ ಮರಾಠಾ ಸರದಾರನೊಬ್ಬನು ವ್ಯಾಪಾರಿಗಳನ್ನು ಕರೆತಂದು ನೆಲೆಗೊಳಿಸಿದ ಮೇಲೆ ಕಂಬಳಿ, ಜೋಳ, ಹತ್ತಿಗಳ ವ್ಯವಹಾರ ಬೆಳೆದು, 1930ರ ದಶಕದಿಂದ ಗಿರಣಿಗಳೂ ಎದ್ದವು. ದುಡಿಮೆಯ ಲಾಭವು ಬ್ಯಾಂಕಿಗೆ ಹೋಗುವ ಅಭ್ಯಾಸ ಇನ್ನೂ ಬಲವಾಗಿರದ ಆ ದಿನಗಳಲ್ಲಿ ಅದು ಮನೆಯೊಳಗೆ ತಾಮ್ರವಾಗಿ, ಹಿತ್ತಾಳೆಯಾಗಿ, ಬೆಳ್ಳಿಯ ರೂಪಾಯಿಯಾಗಿ, ಸಾಗುವಾನಿಯ ಬಾಗಿಲವಾಡವಾಗಿ ನಿಂತಿತು.

ಹಾಗೆ ನಿಂತುದು ಹೊರಟದ್ದು ಸ್ವಾತಂತ್ರ್ಯದ ತರುವಾಯದ ಎರಡು ದಶಕಗಳಲ್ಲಿ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯೇ ಪೈಸೆಗಳ ಲೆಕ್ಕ ಜಾರಿಗೆ ಬಂದು, ಹದಿನಾರಾಣೆಯ, ಅರವತ್ತನಾಲ್ಕು ಕಾಸಿನ, ನೂರತೊಂಬತ್ತೆರಡು ಪೈಗಳ ರೂಪಾಯಿ ಬಾಯಿಲೆಕ್ಕಕ್ಕೆ ಮಾತ್ರ ಉಳಿಯಿತು. ಅದರ ಹಿಂದೆಯೇ 1956ರ ಶಾಸನಕ್ಕನುಸಾರವಾಗಿ ಕಿಲೋಗ್ರಾಂ, ಲೀಟರುಗಳು ಹಂತಹಂತವಾಗಿ ಸಂತೆಗೆ ಇಳಿದುವು. ಸೇರು, ಅಚ್ಚೇರು, ಪಾವುಗಳೆಂಬ ಅಳತೆಯ ಪಾತ್ರೆಗಳನ್ನು ಹಿಡಿದು ವ್ಯಾಪಾರ ಮಾಡುವುದು ಕಾನೂನಿಗೆ ವಿರುದ್ಧವಾಯಿತಾದುದರಿಂದ, ಸರಕಾರದ ಮುದ್ರೆಯನ್ನು ಹೊತ್ತು ಮಂಡಿಯಲ್ಲಿ ಗೌರವದಿಂದಿದ್ದ ಅವು ಬರಿಯ ಲೋಹವಾಗಿ ಮೂಟೆ ಸೇರಿದುವು. ಮನೆಯ ಅಡುಗೆಕೋಣೆಯಲ್ಲಿ ಅಕ್ಕಿ ಅಳೆಯಲು ಉಳಿದ ಸೇರು ಇಂದಿಗೂ ಸಿಕ್ಕೀತು. ಅಂಗಡಿಯ ಮುದ್ರೆಯುಳ್ಳದ್ದು ದುರ್ಲಭ. ನನ್ನ ಮಟ್ಟಿಗೆ ಒಂದು ಮುದ್ರೆಯ ಸೇರು ಹತ್ತು ಬೆಳ್ಳಿ ನಾಣ್ಯಗಳಿಗಿಂತ ಹೆಚ್ಚಿನ ಇತಿಹಾಸವನ್ನು ಹೇಳುತ್ತದೆ. ಆದರೆ ಹವ್ಯಾಸಿಗಳ ಅಭಿರುಚಿ ನಾಣ್ಯದ ಕಡೆಗೇ.

ನಾಣ್ಯದಲ್ಲಿಯೂ ತೂಕದ ನ್ಯಾಯವೇ ಬಹುಕಾಲ ನಡೆಯಿತು. ವಿಕ್ಟೋರಿಯಾ ರಾಣಿಯ ರೂಪಾಯಿ ಒಂದು ತೊಲ ತೂಗುತ್ತಿತ್ತು, ಅದರ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಲ್ಲಿ ಬೆಳ್ಳಿಯ ಪಾಲು ಅರ್ಧಕ್ಕೆ ಇಳಿದು, 1947ರ ರೂಪಾಯಿ ನಿಕ್ಕಲಿನದಾಯಿತು. ಪತ್ತಾರನು ಇದನ್ನು ಬಲ್ಲವನಾಗಿ ಹಳೆಯದನ್ನು ಕರಗಿಸಿ ಕಾಲಕಡಗ, ಉಡಿದಾರಗಳನ್ನು ಮಾಡಿದನು. ಐದನೆಯ ಜಾರ್ಜನ 1911ರ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಜನ ಅಸಮಾಧಾನಗೊಂಡು, ಸರಕಾರ ಅದನ್ನು ಹಿಂದಕ್ಕೆ ತೆಗೆದುಕೊಂಡು ಮರುವರ್ಷ ಅಚ್ಚನ್ನು ತಿದ್ದಿತಷ್ಟೆ. ಆ ಹಂದಿಯ ರೂಪಾಯಿಗೆ ಇಂದು ಸಂಗ್ರಾಹಕರು ಬೆಳ್ಳಿಯ ಬೆಲೆಯ ಎಷ್ಟೋ ಪಟ್ಟು ತೆರುತ್ತಾರೆ. ಮೂಸೆಗೆ ಬಿದ್ದವುಗಳ ಪೈಕಿ ಅಂಥವು ಎಷ್ಟಿದ್ದುವೋ ಹೇಳುವವರಾರು!

ಪಾತ್ರೆಗಳ ಕಥೆ ಇದಕ್ಕಿಂತ ವಿಸ್ತಾರವಾದುದು. ಹಿತ್ತಾಳೆ ತಾಮ್ರಗಳಲ್ಲಿ ಹುಳಿ ಬೇಯಿಸಬೇಕಾದರೆ ಒಳಗೆ ತವರದ ಕಲಾಯಿ ಬೇಕು. ಕಲಾಯಿಯವನು ಓಣಿಯಲ್ಲಿ ಕುಳಿ ತೋಡಿ, ತಿದಿಯೊತ್ತಿ, ನವಸಾಗರ ಉದುರಿಸಿ, ಅರಿವೆಯಿಂದ ಒಂದೇ ಉಜ್ಜಿಗೆ ಪಾತ್ರೆಯನ್ನು ಬೆಳ್ಳಗೆ ಮಾಡುತ್ತಿದ್ದ ಕೌಶಲ ಈಗಿನ ಮಕ್ಕಳಿಗೆ ತಿಳಿಯದು. ಸ್ಟೀಲು ಬಂದಾಗ ಅದಕ್ಕೆ ಕಲಾಯಿಯೂ ಬೇಡ, ಹುಣಿಸೆಹಣ್ಣಿನ ಉಜ್ಜಾಟವೂ ಬೇಡವೆಂಬ ಸುಖಕ್ಕೆ ಗೃಹಿಣಿಯರು ಒಲಿದುದರಲ್ಲಿ ಆಶ್ಚರ್ಯವಿಲ್ಲ. ಆ ಉಜ್ಜಾಟವನ್ನು ತಾವು ಮಾಡದ ಗಂಡಸರು ಮಾತ್ರ ಅದಕ್ಕಾಗಿ ನಿಟ್ಟುಸಿರು ಬಿಟ್ಟಾರು. ತಲೆಯ ಮೇಲೆ ಸ್ಟೀಲಿನ ಬುಟ್ಟಿ ಹೊತ್ತು ಬಂದ ಹೆಂಗಸರು ಜರಿ ಸೀರೆಗೂ ಹಳೆಯ ಗಂಗಾಳಕ್ಕೂ ಡಬ್ಬಿ ತಟ್ಟೆಗಳನ್ನು ಕೊಟ್ಟು ಹೋದರು. ಅಂಥದೊಂದು ಗಂಗಾಳವನ್ನು ಬೆಳಕಿಗೆ ಹಿಡಿದು ನೋಡಬೇಕು. ಅಂಚಿನ ಕೆಳಗೆ ಉಳಿಯ ಮೊನೆಯಿಂದ ಚುಕ್ಕಿಚುಕ್ಕಿಯಾಗಿ ಕುಟ್ಟಿದ ಅಕ್ಷರಗಳಿರುತ್ತವೆ: ಮದುವೆಯಲ್ಲಿ ಮುಯ್ಯಿ ಮಾಡಿದವರ ಹೆಸರು, ಊರು, ಕೆಲವೊಮ್ಮೆ ಇಸವಿ. ಕುಟ್ಟಿದವನ ಕಾಗುಣಿತ ಅವನದೇ. ಒತ್ತಕ್ಷರಕ್ಕೆ ಸ್ಥಳ ಸಾಲದೆ ಪಕ್ಕಕ್ಕೆ ಸರಿದಿರುವುದೂ ಉಂಟು. ಯಾವ ದಫ್ತರದಲ್ಲಿಯೂ ಇಲ್ಲದ ಬಾಂಧವ್ಯದ ದಾಖಲೆಯಿದು. ಕರಗಿಸುವವನ ಕುಲುಮೆಗೆ ಅದೂ ಹಿತ್ತಾಳೆಯೇ.

1960ರ ದಶಕದಲ್ಲಿ ಭದ್ರಾ ನಾಲೆಯ ನೀರು ಹರಿದು, ಜೋಳದ ಹೊಲಗಳು ಗದ್ದೆಗಳಾದ ಮೇಲೆ ಮಲೇಬೆನ್ನೂರು, ಕೊಕ್ಕನೂರುಗಳ ಕಡೆಯ ಹಳ್ಳಿಗಳಲ್ಲಿ ಹಳೆಯ ಬದುಕಿನ ಉಪಕರಣವೇ ಅನಾವಶ್ಯಕವಾಯಿತು. ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಕಾಪಿಡುವ ಪದ್ಧತಿಯ ಗುರುತಾಗಿ ದಾವಣಗೆರೆಯಲ್ಲಿ ಹಗೇದಿಬ್ಬವೆಂಬ ಸ್ಥಳನಾಮ ಉಳಿದಿದೆ; ಕೂರಿಗೆಯ ಬಟ್ಟಲು, ಬೀಸುಕಲ್ಲಿನ ಗೂಟ, ಅಡಕಲಿನ ಗಡಿಗೆಗಳು ಉಳಿಯಲಿಲ್ಲ. ಭತ್ತದ ಹಣದಿಂದ ತಾರಸಿ ಮನೆ ಎದ್ದಿತು, ಕೆತ್ತನೆಯ ಬಾಗಿಲು ಕಂಬಗಳು ಲಾರಿ ಏರಿ ದೂರದ ಪಟ್ಟಣಗಳ ಹೋಟೆಲು ಬಂಗಲೆಗಳಿಗೆ ಹೋದುವು.

ಇದೇ ಕಾಲದಲ್ಲಿ ತೂಕವನ್ನು ಲೆಕ್ಕಿಸದೆ ಸಂಗ್ರಹಿಸಿದವರೂ ಇದ್ದರೆಂಬುದನ್ನು ಮರೆಯಲಾಗದು. ಅಂದು ದಾವಣಗೆರೆಯನ್ನೂ ಒಳಗೊಂಡಿದ್ದ ಚಿತ್ರದುರ್ಗ ಜಿಲ್ಲೆಯ ಹರ್ತಿಕೋಟೆಯವರಾದ ಕಲಾವಿದ ಪಿ. ಆರ್. ತಿಪ್ಪೇಸ್ವಾಮಿಯವರು ಹಳ್ಳಿಹಳ್ಳಿ ತಿರುಗಿ ತಂದ ವಸ್ತುಗಳು ಮೈಸೂರಿನ ಜಾನಪದ ವಸ್ತುಸಂಗ್ರಹಾಲಯದಲ್ಲಿವೆ. ಆದರೆ ಸಾಮಾನ್ಯ ಗೃಹಸ್ಥನಿಗೆ ಹಳೆಯದರ ರುಚಿ ಹತ್ತಿದುದು ಬಹಳ ತಡವಾಗಿ. ಇಂಗ್ಲೆಂಡಿನಲ್ಲಿ ವಾರದ ಕೊನೆಗೆ ಜನರು ಕಾರಿನ ಡಿಕ್ಕಿ ತೆರೆದು ಬಯಲಲ್ಲಿ ಹಳೆಯದನ್ನು ಮಾರುತ್ತಾರಂತೆ. ಅಲ್ಲಿ ಮಾರುವವನೂ ಕೊಳ್ಳುವವನೂ ಮುಖಾಮುಖಿ. ನಮ್ಮಲ್ಲಿ ನಡುವೆ ಗುಜರಿಯವನು ನಿಂತಿರುವುದರಿಂದ ವಸ್ತುವಿನೊಡನೆ ಅದರ ಮನೆಯ ಕಥೆ ಬರುವುದಿಲ್ಲ. ಬೆಂಗಳೂರಿನ ಭಾನುವಾರದ ಬಜಾರಿನ ರಾಶಿಯಲ್ಲಿ ಎಚ್ಎಂಟಿ ಗಡಿಯಾರ ಸಿಕ್ಕೀತು, ಕಟ್ಟಿಕೊಂಡಿದ್ದ ಕೈ ಯಾರದೆಂದು ತಿಳಿಯದು.

ಹರಿಹರದಲ್ಲಿ ಇದಕ್ಕೊಂದು ಅಪವಾದವಿದೆ. 1941ರಲ್ಲಿ ಅಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತುಗಳನ್ನು ತಯಾರಿಸಿ ದೇಶದಾದ್ಯಂತ ಕಳುಹಿಸಿತು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷಗಳಾದರೂ ಅದರ ಲೇತುಗಳು ಕೈ ಬದಲಾಯಿಸುತ್ತಲೇ ಇವೆ, ಮತ್ತು ಅವಕ್ಕೆ ಬೆಲೆ ಕಟ್ಟುವಾಗ ಕಬ್ಬಿಣದ ತೂಕ ಕೊನೆಯ ಮಾತು. ಕೊಳ್ಳುವವನು ಮೊದಲು ಬೆಡ್ಡಿನ ಮೇಲೆ ಬೆರಳಾಡಿಸಿ ಸವಕಳಿ ನೋಡುತ್ತಾನೆ, ಆಮೇಲೆ ಎಲ್ಲಿ ದುಡಿದದ್ದೆಂದು ವಿಚಾರಿಸುತ್ತಾನೆ. 1972ರ ಪ್ರಾಚೀನ ವಸ್ತುಗಳ ಶಾಸನವು ಸಾಮಾನ್ಯವಾಗಿ ನೂರು ವರ್ಷ ತುಂಬಿದುದನ್ನೇ ಪ್ರಾಚೀನವೆಂದು ಗಣಿಸುವುದರಿಂದ ಮೊದಲ ವರ್ಷದ ಲೇತೊಂದು ಉಳಿದಿದ್ದರೂ ಆ ಪದವಿಗೆ 2041ರವರೆಗೆ ಕಾಯಬೇಕು. ಅಷ್ಟರಲ್ಲಿ ಅದು ಇನ್ನೆರಡು ವರ್ಕ್‌ಶಾಪುಗಳನ್ನು ಕಂಡಿರುತ್ತದೆ.