ತೆಂಕಣದ ಅನಂತಶ್ರೇಢಿ

ಸವಣೂರಿನಿಂದ ಪುತ್ತೂರಿನ ಮೇಲೆ ಕಾಸರಗೋಡಿಗೆ ಇಳಿಯುವ ದಾರಿ 1956ರ ನವೆಂಬರ್ 1ರ ತನಕ ಒಂದೇ ಜಿಲ್ಲೆಯ ಒಳಗಣ ದಾರಿಯಾಗಿದ್ದಿತು. ಅದಕ್ಕೂ ಬಹುಕಾಲ ಹಿಂದೆ ಚಂದ್ರಗಿರಿ ಹೊಳೆಯನ್ನು ದಾಟಿ, ಮಲೆಯಾಳದ ದೇಗುಲಗಳಲ್ಲಿ ಪೂಜಾವೃತ್ತಿಯನ್ನರಸಿ ಹೋದ ತುಳುನಾಡಿನ ಬ್ರಾಹ್ಮಣರನ್ನು ಅಲ್ಲಿಯವರು ಎಂಬ್ರಾಂತಿರಿಗಳೆಂದು ಕರೆದರು. ಹದಿನಾಲ್ಕನೆಯ ಶತಮಾನದ ಮಹಾಗಣಿತಜ್ಞ ಸಂಗಮಗ್ರಾಮದ ಮಾಧವನೂ ಆ ವರ್ಗದವನೆಂಬುದು ಕೆಲವು ವಿದ್ವಾಂಸರ ಮತ. ನಮ್ಮ ಸೀಮೆಯ ಅಭಿಮಾನಕ್ಕಾಗಿ ಆ ಮತವನ್ನು ಹಿಡಿದು ಜಗ್ಗುವುದು ಬೇಡ; ಆತನ ಶಿಷ್ಯಪರಂಪರೆ ಕೈಗೆತ್ತಿಕೊಂಡ ಪ್ರಶ್ನೆಯೇ ಸಾಕಷ್ಟು ದೊಡ್ಡದು.

ಕೂಡಿಸುತ್ತ ಹೋದಷ್ಟೂ ಮುಗಿಯದ ಮೊತ್ತವು ಒಂದು ನಿಶ್ಚಿತ ಬೆಲೆಯನ್ನೇ ಸಮೀಪಿಸುವುದೆಂದು ಬಲ್ಲುದು ಹೇಗೆ? ಆ ಪರಂಪರೆಯ ನೀಲಕಂಠ ಸೋಮಯಾಜಿ ಆರ್ಯಭಟೀಯಕ್ಕೆ ಬರೆದ ಭಾಷ್ಯದಲ್ಲಿ ನಾಲ್ಕನೆಯ ಒಂದಂಶ, ಅದರ ನಾಲ್ಕನೆಯ ಒಂದಂಶ, ಮತ್ತದರದು ಎಂದು ಬೆಳೆಯುವ ಶ್ರೇಢಿಯನ್ನು ಮುಂದಿಟ್ಟುಕೊಂಡು, ಮೊತ್ತವು ಮೂರನೆಯ ಒಂದಂಶವನ್ನು ಮೀರದೆಂಬುದೂ ಅಷ್ಟರವರೆಗೆ ಬೆಳೆದೇ ಬೆಳೆಯುವುದೆಂಬುದೂ ಹೇಗೆ ತಿಳಿಯಿತೆಂದು ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುತ್ತಾನೆ. 1/3ರಿಂದ 1/4ನ್ನು ಕಳೆದರೆ ಉಳಿಯುವುದು 1/12. ಅದರಿಂದ 1/16ನ್ನು ಕಳೆದರೆ 1/48. ಹೀಗೆ ಶೇಷವು ಹೆಜ್ಜೆಹೆಜ್ಜೆಗೂ ನಾಲ್ಕನೆಯ ಒಂದಂಶಕ್ಕೆ ಕುಗ್ಗುತ್ತದೆಯೇ ಹೊರತು ಎಲ್ಲಿಯೂ ಶೂನ್ಯವಾಗದು, ಋಣವೂ ಆಗದು. ಋಣವಾಗದ ಕಾರಣ ಮೊತ್ತವು ಮೇರೆ ಮೀರದು. ನಾವು ಬಯಸಿದ ಯಾವ ಅಲ್ಪಸಂಖ್ಯೆಗಿಂತಲೂ ಶೇಷವು ಕಿರಿದಾಗಬಲ್ಲುದಾದ್ದರಿಂದ ಮೊತ್ತವು ಮೇರೆಗಿಂತ ಈಚೆ ಎಲ್ಲಿಯೂ ನಿಲ್ಲದು. ಇಂದಿನ ಕಲನಶಾಸ್ತ್ರದ ವಿದ್ಯಾರ್ಥಿ ಪರಿಮಿತಿಯ ಚಿಹ್ನೆಯನ್ನಿಟ್ಟು ಒಂದು ಸಾಲಿನಲ್ಲಿ ಮುಗಿಸುವ ಕಾರ್ಯವಿದು.

ವೃತ್ತಪರಿಧಿಯ ಶ್ರೇಢಿಯಾದರೋ ಇಷ್ಟು ವಿಧೇಯವಲ್ಲ. ಒಂದರಿಂದ ಮೂರನೆಯ ಒಂದಂಶವನ್ನು ಕಳೆದು, ಐದನೆಯದನ್ನು ಕೂಡಿಸಿ, ಏಳನೆಯದನ್ನು ಕಳೆಯುತ್ತ 50 ಪದಗಳವರೆಗೆ ನಡೆದು ನಾಲ್ಕರಿಂದ ಗುಣಿಸಿದರೂ ಪರಿಧಿವ್ಯಾಸಗಳ ಅನುಪಾತವು ಎರಡನೆಯ ದಶಾಂಶಸ್ಥಾನದಲ್ಲಿಯೇ ತಪ್ಪುತ್ತದೆ. ಮೊತ್ತವು ನಿಶ್ಚಿತ ಬೆಲೆಗೆ ಅಭಿಸರಿಸುವುದೆಂದು ಬಲ್ಲುದು ಬೇರೆ, ಅಭಿಸರಿಸುವ ತನಕ ಕಾದಿರುವುದು ಬೇರೆ. ಪಂಚಾಂಗ ಗಣಿಸುವವನಿಗೆ ಅಷ್ಟು ಪುರಸೊತ್ತೆಲ್ಲಿ? ಆದುದರಿಂದ ಈ ಗಣಿತಜ್ಞರು ನಿಲ್ಲಿಸಿದೆಡೆಯಲ್ಲಿ ಉಳಿಯುವ ಶೇಷವನ್ನು ಅಳೆದು, ಅಂತ್ಯಸಂಸ್ಕಾರವೆಂಬ ತಿದ್ದುಪಡಿಯನ್ನು ಯೋಜಿಸಿದರು. ಒಂಬತ್ತು ನಿಖರ್ವ (9,00,00,00,00,000) ವ್ಯಾಸಕ್ಕೆ 28,27,43,33,88,233 ಪರಿಧಿಯೆಂದು ಮಾಧವನು ಹೇಳಿದ ಲೆಕ್ಕ ಹನ್ನೊಂದು ದಶಾಂಶಸ್ಥಾನಗಳವರೆಗೆ ಸರಿಯಾಗಿದೆ. ಜ್ಯೇಷ್ಠದೇವನು ಇವುಗಳ ಉಪಪತ್ತಿಗಳನ್ನು ಸಂಸ್ಕೃತವನ್ನು ಬಿಟ್ಟು ಮಲೆಯಾಳದ ಗದ್ಯದಲ್ಲಿ, ‘ಯುಕ್ತಿಭಾಷಾ’ ಎಂಬ ಗ್ರಂಥದಲ್ಲಿ ವಿವರಿಸಿದನು. ಕನ್ನಡದಲ್ಲಿ ಗಣಿತ ಬರೆಯಲು ಹಿಂಜರಿಯುವವರು ಅದನ್ನೊಮ್ಮೆ ತೆರೆದು ನೋಡಬಹುದು.

ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿ ಚಾರ್ಲ್ಸ್ ವಿಶ್ 1834ರಲ್ಲಿ ಪ್ರಕಟವಾದ ತನ್ನ ಲೇಖನದಲ್ಲಿ ಈ ಪರಂಪರೆಯ ಗ್ರಂಥಗಳನ್ನು ಯುರೋಪಿಗೆ ಪರಿಚಯಿಸಿದಾಗ, ಯಾವುದೇ ಶ್ರೇಢಿಗೂ ಅನ್ವಯಿಸುವ ಅಭಿಸರಣದ ನಿಯಮವನ್ನು ಫ್ರೆಂಚ್ ಗಣಿತಜ್ಞ ಕೋಶಿ 1821ರಲ್ಲಿಯೇ ಪ್ರಕಟಿಸಿಯಾಗಿತ್ತು. ಅಂತಹ ಸಾಮಾನ್ಯ ನಿಯಮ ನೀಲಕಂಠನಲ್ಲಿಲ್ಲ. ಒಂದೊಂದು ಶ್ರೇಢಿಗೆ ಒಂದೊಂದು ಉಪಪತ್ತಿ, ಅಷ್ಟೆ.