ಹೋದವರ ಕಥೆ, ಉಳಿದವರ ಕಥೆ

ಅಂಕೋಲೆಯಲ್ಲಿರುವ ನಮ್ಮ ಬಂಧುವರ್ಗದ ತರುಣನೊಬ್ಬನು ಐತಿಹಾಸಿಕ ಕಾದಂಬರಿಯೊಂದನ್ನು ಬರೆಯಲು ತೊಡಗಿದ್ದಾನೆ. ಹದಿನಾಲ್ಕನೆಯ ಶತಮಾನದಲ್ಲಿ ಮಹಾಮಾರಿಗೆ ಅಂಜಿ ಊರು ತೊರೆದ ಪ್ರಯಾಣಿಕರ ತಂಡವೊಂದು ನಮ್ಮ ಕರಾವಳಿಯಗುಂಟ ಸಾಗಿ ಬರುವುದೇ ಅದರ ವಸ್ತು. ದಶಲಕ್ಷಣ ಪರ್ವದ ದಿನಗಳಲ್ಲಿ ಅವನು ಕಾರವಾರಕ್ಕೆ ಬಂದು ಮೊದಲ ಐದು ಅಧ್ಯಾಯಗಳನ್ನು ನನ್ನ ಕೈಗಿತ್ತನು. ಬರವಣಿಗೆ ಚೆನ್ನಾಗಿಯೇ ಇದೆ. ಆದರೆ ಅದರಲ್ಲಿ ಆಪತ್ತನ್ನು ಮುಂಚಿತವಾಗಿ ಅರಿಯುವ ಹಿರಿಯನೊಬ್ಬನಿದ್ದಾನೆ. ಆತನ ಮಾತನ್ನು ನಂಬಿ ಹೊರಡುವ ಸಜ್ಜನರಿದ್ದಾರೆ. ಊರಿನಲ್ಲಿ ಉಳಿದವರೆಲ್ಲರೂ ಲೋಭಿಗಳು ಅಥವಾ ಮೂಢರು, ಮೂರನೆಯ ಅಧ್ಯಾಯ ಮುಗಿಯುವುದರೊಳಗೆ ಅವರೆಲ್ಲರೂ ಸತ್ತುಹೋಗುತ್ತಾರೆ. "ಉಳಿದವರು ಹೀಗೆಯೇ ಇದ್ದರೆಂದು ನಿನಗೆ ಯಾರು ಹೇಳಿದರು?" ಎಂದು ಕೇಳಿದೆ. "ದೊಡ್ಡಪ್ಪ, ಇಂಥ ಕಥೆಗಳಲ್ಲೆಲ್ಲ ಹೀಗೆಯೇ ಇರುತ್ತದಲ್ಲ!" ಎಂದನು.

ಅವನ ಮಾತು ಸುಳ್ಳಲ್ಲ. ಆಪತ್ತಿನಿಂದ ಪಾರಾಗಿ ಹೋದವರ ಕಥೆಗೆ ಒಂದು ರೂಢಿಯೇ ಬಿದ್ದುಹೋಗಿದೆ. ಕಥೆ ಯಾವಾಗಲೂ ಹೊರಟವರ ಬೆನ್ನುಹತ್ತಿ ನಡೆಯುತ್ತದೆ, ಉಳಿದವರ ಬಾಗಿಲು ಮುಚ್ಚಿಕೊಳ್ಳುತ್ತದೆ. ಈ ರೂಢಿಯು ನಮ್ಮ ಧರ್ಮಕಥೆಗಳಲ್ಲಿ ಹೇಗೆ ಬೆಳೆಯಿತೆಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಅವನು ಆರಿಸಿಕೊಂಡ ಕಾಲವನ್ನು ನೋಡೋಣ. ಕಾರವಾರದ ದಂಡೆಗೆ ಸಮೀಪದಲ್ಲಿ, ಈಗ ನೌಕಾಪಡೆಯ ಅಧೀನದಲ್ಲಿರುವ ಅಂಜುದ್ವೀಪವಿದೆ. ಅಂಕೋಲೆಯ ಆರ್ಯಾದುರ್ಗೆಯನ್ನು ಈ ದ್ವೀಪದಿಂದಲೇ ತಂದರೆಂಬ ಐತಿಹ್ಯವುಂಟು. ವಲಸೆಯ ಕಥೆಗಳು ನಮ್ಮ ಸೀಮೆಗೆ ಹೊಸವಲ್ಲ. 1340ರ ದಶಕದಲ್ಲಿ ಗೋವೆಯ ಕಡೆಯಿಂದ ಹೊನ್ನಾವರಕ್ಕೆ ಹಡಗಿನಲ್ಲಿ ಸಾಗಿದ ಇಬ್ನ್ ಬತೂತನು ದಂಡೆಗೆ ಹತ್ತಿರವಿದ್ದ ಸಣ್ಣ ದ್ವೀಪವೊಂದರಲ್ಲಿ ಗುಡಿಯನ್ನೂ ಕೆರೆಯನ್ನೂ ಜೋಗಿಯೊಬ್ಬನನ್ನೂ ಕಂಡುದಾಗಿ ಹೇಳುತ್ತಾನೆ. ಅದು ಅಂಜುದ್ವೀಪವೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಹೊನ್ನಾವರದಲ್ಲಿ ಬಾಲಕಿಯರಿಗೆ 13, ಬಾಲಕರಿಗೆ 23 ಪಾಠಶಾಲೆಗಳಿದ್ದುವೆಂದು ಲೆಕ್ಕ ಕೊಟ್ಟವನೂ ಇವನೇ. ಮುಂದೆ ಮಧುರೆಯಲ್ಲಿ ಅವನು ಸಾಂಕ್ರಾಮಿಕ ರೋಗವೊಂದರ ಹಾವಳಿಯನ್ನು ಕಂಡನು. 1348ರಲ್ಲಿ ಸಿರಿಯಾ ದೇಶವನ್ನು ಪ್ಲೇಗು ಆವರಿಸಿದಾಗ ದಮಾಸ್ಕಸ್ ನಗರದಲ್ಲಿದ್ದನು. ಅಲ್ಲಿ ಮುಸಲ್ಮಾನರು, ಯಹೂದಿಗಳು, ಕ್ರೈಸ್ತರು ತಮ್ಮ ತಮ್ಮ ಗ್ರಂಥಗಳನ್ನು ಹಿಡಿದು ಒಟ್ಟಾಗಿ ಪ್ರಾರ್ಥನೆಗೆ ನಡೆದ ದೃಶ್ಯವನ್ನು ಅವನು ಬಣ್ಣಿಸಿದ್ದಾನೆ. ಅವನ ತಾಯಿ ಸ್ವದೇಶದಲ್ಲಿ ಅದೇ ಪ್ಲೇಗಿಗೆ ಬಲಿಯಾದಳು. ದೇಶದೇಶಗಳ ಅರಸರ ಔತಣಗಳಿಗೆ ಪುಟಗಟ್ಟಲೆ ಮೀಸಲಿಟ್ಟ ಆ ಪ್ರವಾಸಕಥನದಲ್ಲಿ ತಾಯಿಯ ಮರಣಕ್ಕೆ ದೊರೆತ ಸ್ಥಳ ಅತ್ಯಲ್ಪ. ಅದೇ ವರ್ಷ ಫ್ಲಾರೆನ್ಸ್ ನಗರವನ್ನು ತೊರೆದ ಏಳು ಸ್ತ್ರೀಯರೂ ಮೂವರು ಪುರುಷರೂ ಹತ್ತು ದಿನಗಳಲ್ಲಿ ನೂರು ಕಥೆಗಳನ್ನು ಹೇಳಿಕೊಳ್ಳುವಂತೆ ಬೊಕಾಚಿಯೋ ತನ್ನ 'ಡೆಕಮೆರಾನ್' ಕೃತಿಯನ್ನು ಕಟ್ಟಿದ್ದಾನೆ. ಅಣ್ಣನು ತಮ್ಮನನ್ನೂ ಹೆತ್ತವರು ಮಕ್ಕಳನ್ನೂ ಬಿಟ್ಟು ಓಡಿದರೆಂದು ಪೀಠಿಕೆಯಲ್ಲಿ ಬರೆದವನೂ ಅವನೇ. ಉದ್ಯಾನವನವನ್ನು ಹೊಕ್ಕ ಬಳಿಕ ಆ ಹತ್ತು ಮಂದಿ ಅದರ ಮಾತನ್ನೇ ಎತ್ತುವುದಿಲ್ಲ.

ಇನ್ನು ನಮ್ಮ ಮನೆಯ ಕಥೆಗೆ ಬರೋಣ. ಅಲ್ಲಿದ್ದುದು ರೋಗವಲ್ಲ, ದುರ್ಭಿಕ್ಷ. ಆದರೆ ಕನ್ನಡನಾಡಿನ ಜೈನರಿಗೆ ಆಪತ್ತಿನ ವಲಸೆಯೆಂದರೆ ಅಂತಿಮ ಶ್ರುತಕೇವಲಿ ಭದ್ರಬಾಹುಸ್ವಾಮಿಗಳ ದಕ್ಷಿಣಾಪಥ ಯಾತ್ರೆಯೇ. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ, ಪಾರ್ಶ್ವನಾಥ ಬಸದಿಯ ಬಳಿಯ ಬಂಡೆಯಲ್ಲಿ, ಸುಮಾರು ಕ್ರಿ.ಶ. 600ರ ಸಂಸ್ಕೃತ ಶಾಸನವಿದೆ. ಈ ಪ್ರಸಂಗಕ್ಕೆ ನಮಗಿರುವ ಪ್ರಾಚೀನ ಆಧಾರ ಅದೇ. ನಿಮಿತ್ತಜ್ಞಾನದಿಂದ ಭದ್ರಬಾಹುಗಳು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ವಿಷಮಕಾಲವನ್ನು ಕಂಡು ಹೇಳಿದರು. ಸರ್ವ ಸಂಘವೂ ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟಿತು. ಧನಧಾನ್ಯಗಳಿಂದಲೂ ದನಕರುಗಳಿಂದಲೂ ತುಂಬಿದ ಜನಪದವನ್ನು ತಲುಪಿತು. ಆಚಾರ್ಯರೊಬ್ಬರು ಸಂಘವನ್ನು ಮುಂದೆ ಕಳುಹಿಸಿ, ಒಬ್ಬನೇ ಶಿಷ್ಯನೊಡನೆ ಕಟವಪ್ರದಲ್ಲಿ ನಿಂತು ಸಮಾಧಿಯನ್ನು ಸಾಧಿಸಿದರು. ಕಾಲಕ್ರಮದಲ್ಲಿ ಏಳುನೂರು ಋಷಿಗಳು ಅದೇ ಮಾರ್ಗವನ್ನು ಹಿಡಿದರು. ಶಾಸನದ ಕಥೆ ಇಷ್ಟೇ. ಆ ಆಚಾರ್ಯರು ಯಾರೆಂಬ ಚರ್ಚೆ ನಡೆದೇ ಇದೆ. ಅದರೊಳಗೆ ನಾನು ಇಳಿಯುವುದಿಲ್ಲ. ಶಾಸನದಲ್ಲಿ ಏನಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಹಿಂದೆ ಉಳಿದವರನ್ನು ಕುರಿತ ಒಂದು ನಿಂದೆಯ ಮಾತೂ ಅಲ್ಲಿಲ್ಲ.

ನಿಂದೆ ಮುಂದೆ ಕಥೆಗಳಲ್ಲಿ ಕಾಣಿಸಿಕೊಂಡಿತು. ಕ್ರಿ.ಶ. 931ರ ಸುಮಾರಿಗೆ ಹರಿಷೇಣನು ರಚಿಸಿದ 'ಬೃಹತ್ಕಥಾಕೋಶ'ದಲ್ಲಿ ತೊಟ್ಟಿಲ ಕೂಸು "ಬೇಗ ಹೊರಡು" ಎನ್ನುತ್ತದೆ. ಅದರಿಂದ ಭದ್ರಬಾಹುಗಳು ಬರಲಿರುವ ಅನಾವೃಷ್ಟಿಯನ್ನು ಅರಿಯುತ್ತಾರೆ. ಆದರೆ ಅಲ್ಲಿ ಅವರು ದಕ್ಷಿಣಕ್ಕೆ ಬರುವುದೇ ಇಲ್ಲ. ಸಂಘವನ್ನು ಪುನ್ನಾಟಕ್ಕೆ ಕರೆತರುವವರು ದೀಕ್ಷೆ ಪಡೆದು ವಿಶಾಖಾಚಾರ್ಯರಾದ ಚಂದ್ರಗುಪ್ತರು. ರಾಮಿಲ್ಲ ಮೊದಲಾದವರು ತಮ್ಮ ಸಂಘಗಳೊಡನೆ ಸಿಂಧು ದೇಶಕ್ಕೆ ಹೋಗಿ, ಹಸಿದ ಜನರ ಕಾಟಕ್ಕೆ ಹೆದರಿ ರಾತ್ರಿ ಭಿಕ್ಷೆ ತರುವ ರೂಢಿಗೆ ಒಳಗಾಗಿ, ಕಡೆಗೆ ವಸ್ತ್ರಖಂಡವನ್ನು ಧರಿಸಿದರು. ಎಂದರೆ ಹರಿಷೇಣನಲ್ಲಿ ಶಿಥಿಲಾಚಾರಕ್ಕೆ ಇಳಿದವರೂ ಊರು ಬಿಟ್ಟು ಹೋದವರೇ! ಎಷ್ಟೋ ಶತಮಾನಗಳ ಅನಂತರ ರತ್ನನಂದಿಯ 'ಭದ್ರಬಾಹುಚರಿತ'ಕ್ಕೆ ಬರುವ ವೇಳೆಗೆ ಅವರು ಉಜ್ಜಯಿನಿಯಲ್ಲಿಯೇ ಉಳಿದವರಾಗಿದ್ದಾರೆ. ದೋಷವು ಇದ್ದಲ್ಲಿಯೇ ಇದೆ, ಅದನ್ನು ಹೊತ್ತವರ ಸ್ಥಳ ಮಾತ್ರ ಬದಲಾಗಿದೆ. ಉಳಿದವರ ಸಾಲಿನಲ್ಲಿ ಸ್ಥೂಲಭದ್ರರ ಹೆಸರೂ ಸೇರಿದೆ. ಶ್ವೇತಾಂಬರ ಸಂಪ್ರದಾಯದಲ್ಲಾದರೋ ಕ್ಷಾಮದ ಅನಂತರ ಪಾಟಲಿಪುತ್ರದಲ್ಲಿ ಅಂಗಗಳನ್ನು ಸಂಗ್ರಹಿಸಿದ ಕಾಲದಲ್ಲಿ, ನೇಪಾಳದಲ್ಲಿದ್ದ ಭದ್ರಬಾಹುಗಳ ಬಳಿ ಪೂರ್ವಗಳನ್ನು ಕಲಿತು ಉಳಿಸಿದ ಪೂಜ್ಯರು ಅವರೇ.

ನಾನು ದಿಗಂಬರ ಆಮ್ನಾಯದವನು. ನನ್ನ ಶ್ರದ್ಧೆಯಲ್ಲಿ ಸಂದೇಹವಿಲ್ಲ. ಮುನಿಸಂಘವು ಚರ್ಯೆಯ ರಕ್ಷಣೆಗಾಗಿ ಹೊರಟಿತೇ ಹೊರತು ಪ್ರಾಣದ ಆಸೆಯಿಂದಲ್ಲ. ಇದಕ್ಕೆ ಕಥೆಯೊಳಗೇ ಪ್ರಮಾಣವಿದೆ. ಕನ್ನಡದ ಹಳೆಯ ಗದ್ಯಕೃತಿ 'ವಡ್ಡಾರಾಧನೆ'ಯ ಆರನೆಯ ಕಥೆ ಭದ್ರಬಾಹು ಭಟಾರರದು. ಆಪತ್ತನ್ನು ದಾಟಿ ಬಂದ ಹಿರಿಯನೇ ಅಲ್ಲಿ ದಾರಿಯ ಬೆಟ್ಟದಲ್ಲಿ ನಿಂತು ದೇಹವನ್ನು ತ್ಯಜಿಸುತ್ತಾನೆ. ಪಾರಾಗುವುದೇ ಗುರಿಯಾದ ಕಥೆ ಹೀಗೆ ಕೊನೆಗೊಳ್ಳುವುದಿಲ್ಲ.

ಆದರೆ ರತ್ನನಂದಿಯ ಕಥೆಯಲ್ಲಿ ವರ್ತಕನಾದ ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ಪ್ರಸಂಗವೊಂದಿದೆ. ಸಂಘವು ಹೊರಟಾಗ ಉಜ್ಜಯಿನಿಯ ಸಿರಿವಂತ ಶ್ರಾವಕರು, ತಮ್ಮ ಕಣಜಗಳಲ್ಲಿ ವರ್ಷಗಟ್ಟಲೆ ಸಾಲುವಷ್ಟು ಧಾನ್ಯವಿದೆ, ಸ್ವಾಮಿಗಳು ಹೋಗಬಾರದು ಎಂದು ಬೇಡಿಕೊಳ್ಳುತ್ತಾರೆ. ಅವರ ಮಾತಿನ ಮೇಲೆಯೇ ಕೆಲವರು ಉಳಿಯುತ್ತಾರೆ. ಧಾನ್ಯವಿದ್ದುದು ನಿಜವೇ. ಆದರೆ ಆಹಾರ ಮುಗಿಸಿ ಮರಳುತ್ತಿದ್ದ ಮುನಿಯೊಬ್ಬರ ಹೊಟ್ಟೆಯನ್ನು ಹಸಿದ ಜನರು ಬೀದಿಯಲ್ಲಿ ಬಗೆದರು. ಶ್ರಾವಕರು ಆಹಾರದಾನ ಮಾಡಿದ್ದರು. ಅಭಯದಾನ ಅವರ ಕೈಯಲ್ಲಿರಲಿಲ್ಲ. ಕಣಜದ ಬಾಗಿಲು ಮುನಿಗಳಿಗೆ ತೆರೆದಿದ್ದಂತೆ ಬೀದಿಯಲ್ಲಿದ್ದ ಆ ಹಸಿದವರಿಗೂ ತೆರೆದಿತ್ತೇ ಎಂಬ ಪ್ರಶ್ನೆಯನ್ನು ಯಾವ ಕಥೆಗಾರನೂ ಕೇಳಲಿಲ್ಲ.

ಈ ಪ್ರಶ್ನೆ ನನಗೆ ಹೊಳೆದುದು ಗ್ರಂಥದಿಂದಲ್ಲ. 2020ರ ಮಾರ್ಚ್ 24ರ ರಾತ್ರಿ ದೇಶಕ್ಕೆ ಲಾಕ್‌ಡೌನ್ ಘೋಷಣೆಯಾದಾಗ, ನಮ್ಮ ಅಂಗಡಿಯಲ್ಲಿ ಕೆಲಸಕ್ಕಿದ್ದ ಹೊರಜಿಲ್ಲೆಯ ಇಬ್ಬರು ಹುಡುಗರು ಘಟ್ಟ ಹತ್ತಿ ನಡೆದೇ ಊರಿಗೆ ಹೋಗುತ್ತೇವೆಂದರು. "ಗೋದಾಮಿನಲ್ಲಿ ಅಕ್ಕಿಯಿದೆ, ನೀವು ಎಲ್ಲಿಗೂ ಹೋಗಬೇಡಿರಿ" ಎಂದು ನಾನೇ ತಡೆದೆ. ಅವರು ನನ್ನ ಮಾತಿಗೆ ಉಳಿದರು. ಮೂರನೆಯ ವಾರ ಒಬ್ಬನಿಗೆ ಜ್ವರ ಬಂತು. ಮನೆಯ ಹಿಂದಿನ ಕೋಣೆಯಲ್ಲಿ ಅವರನ್ನು ಇರಿಸಿಕೊಂಡುದಕ್ಕೆ ಅಕ್ಕಪಕ್ಕದವರು ಆಕ್ಷೇಪಿಸಿದರು. ನಾನು ಎದುರು ಮಾತನಾಡದೆ ಇಬ್ಬರನ್ನೂ ಊರಾಚೆಯ ಗೋದಾಮಿಗೆ ಸಾಗಿಸಿದೆ. ಎರಡು ಹೊತ್ತು ಊಟ ತಪ್ಪಲಿಲ್ಲ, ಜ್ವರ ಸಾಮಾನ್ಯ ಜ್ವರವಾಗಿತ್ತು. ಆದರೆ ರಸ್ತೆ ತೆರೆದೊಡನೆ ಅವರು ಲೆಕ್ಕ ಮುಗಿಸಿಕೊಂಡು ಹೊರಟವರು ಮತ್ತೆ ಬರಲಿಲ್ಲ. ಅವರ ಊರಿನಲ್ಲಿ ಈ ಕಥೆಯನ್ನು ಹೇಳುವಾಗ ನನ್ನ ಪಾತ್ರ ಹೇಗಿರಬಹುದೆಂದು ನಾನು ಊಹಿಸಬಲ್ಲೆ.

ಅಭಯವನ್ನು ಚತುರ್ವಿಧ ದಾನಗಳಲ್ಲಿ ಪ್ರತ್ಯೇಕವಾಗಿ ಎಣಿಸಿದ್ದೇಕೆಂಬುದು ನನಗೆ ಅಂದು ತಿಳಿಯಿತು.

ಕಾದಂಬರಿಕಾರನಿಗೆ ಬೇರೆ ದಾರಿಗಳಿಲ್ಲವೆಂದಲ್ಲ. ಅನಂತಮೂರ್ತಿಯವರ 'ಸಂಸ್ಕಾರ' (1965) ಪ್ಲೇಗು ಹೊಕ್ಕ ಅಗ್ರಹಾರದಿಂದ ಹೊರನಡೆದ ಪ್ರಾಣೇಶಾಚಾರ್ಯರನ್ನೇ ಹಿಂಬಾಲಿಸುತ್ತದೆ, ನಿಜ. ಆದರೆ ಭೈರಪ್ಪನವರ 'ಗೃಹಭಂಗ' (1970) ಊರ ಹೊರಗಿನ ಗುಡಿಸಲುಗಳಿಗೆ ಹೋದ ಜನರ ನಡುವೆ, ಪ್ಲೇಗಿಗೆ ಮಕ್ಕಳನ್ನು ಕಳೆದುಕೊಂಡ ತಾಯಿಯ ಬಳಿಯಲ್ಲಿಯೇ ನಿಲ್ಲುತ್ತದೆ. ಅಂಕೋಲೆಯ ತರುಣನಿಗೆ ಎರಡನ್ನೂ ಓದಲು ಹೇಳಿದೆ. ಉಳಿದವರಲ್ಲಿ ನಡೆಯಲಾರದ ಮುದುಕರು, ಬಾಣಂತಿಯರು, ರೋಗಿಯ ಶುಶ್ರೂಷೆಗೆ ನಿಂತವರು, ಹೊರಡಲು ಯಾರೂ ಕರೆಯದವರು ಇದ್ದಿರಲೇಬೇಕಲ್ಲವೇ ಎಂದೂ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಮೂರನೆಯ ಅಧ್ಯಾಯವನ್ನು ಹೊಸದಾಗಿ ಬರೆಯಬೇಕು, ದೊಡ್ಡಪ್ಪ" ಎಂದನು.

ಅವನು ಬರೆಯುತ್ತಿದ್ದಾನೆ. ಮೊನ್ನೆ ಪತ್ರ ಬಂದಿದೆ: ಊರಿನಲ್ಲಿಯೇ ಉಳಿದ ಶೆಟ್ಟಿಯ ಉಗ್ರಾಣದಲ್ಲಿ ಏನೇನು ಇದ್ದಿರಬಹುದು, ತಿಳಿಸಿರಿ ಎಂದು. ಭತ್ತ, ಹುರುಳಿ, ಉಪ್ಪು, ತೆಂಗಿನಕಾಯಿ, ಕಾಳುಮೆಣಸು ಇರಲಿ ಎಂದು ಉತ್ತರಿಸಿದ್ದೇನೆ. ಮೊದಲ ಪ್ರತಿಯಲ್ಲಿದ್ದ ಒಣಮೆಣಸಿನಕಾಯಿಯ ಮೂಟೆಯನ್ನು ತೆಗೆಯಿಸಿದ್ದೇನೆ. ಅದು ಪೋರ್ಚುಗೀಸರ ಅನಂತರ ಬಂದ ಸರಕು. ಉಗ್ರಾಣದ ಬೀಗದ ಕೈ ಯಾರ ಬಳಿಯಲ್ಲಿತ್ತೆಂಬುದನ್ನು ಮಾತ್ರ ಅವನೇ ಯೋಚಿಸಿ ಬರೆಯಬೇಕೆಂದು ತಿಳಿಸಿದ್ದೇನೆ.