ಬೀಟಲ್ಸ್ ಹಾಡದೆ ಬಿಟ್ಟ ಹಾಡುಗಳು

ಹೆಸರಾಂತ ತಂಡವೊಂದರ ಹಾಡುಗಳನ್ನಷ್ಟೇ ನುಡಿಸುವ ಟ್ರಿಬ್ಯೂಟ್ ಬ್ಯಾಂಡ್ ನೋಡಲು ದುಡ್ಡು ಯಾಕೆ ಕೊಡಬೇಕು? ನಕಲು ತಾನೇ, ಅನ್ನುತ್ತಾರೆ. ಬೀಟಲ್ಸ್ ವಿಷಯದಲ್ಲಿ ಈ ಮಾತನ್ನು ನಾವು ಒಪ್ಪುವುದಿಲ್ಲ.

1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಂಡಲ್‌ಸ್ಟಿಕ್ ಪಾರ್ಕ್‌ನಲ್ಲಿ ಹಾಡಿದ ಮೇಲೆ ಅವರು ಟಿಕೆಟ್ ಇಟ್ಟು ಹಾಡಲೇ ಇಲ್ಲ. ಅಭಿಮಾನಿಗಳ ಕಿರುಚಾಟದಲ್ಲಿ ಅವರ ಹಾಡು ಅವರಿಗೇ ಕೇಳಿಸುತ್ತಿರಲಿಲ್ಲ. ಅದೇ ತಿಂಗಳು ಬಂದಿದ್ದ 'ರಿವಾಲ್ವರ್' ಆಲ್ಬಮ್‌ನ ಒಂದು ಹಾಡನ್ನೂ ಆ ಪ್ರವಾಸದಲ್ಲಿ ಹಾಡಲಿಲ್ಲ. 1967ರ 'ಸಾರ್ಜೆಂಟ್ ಪೆಪ್ಪರ್ಸ್' ಅಂತೂ ಸ್ಟುಡಿಯೊದಲ್ಲೇ ಉಳಿಯಿತು. 40 ವಾದ್ಯಗಾರರನ್ನು ಕೂರಿಸಿ, ಟೇಪಿನ ಮೇಲೆ ಟೇಪು ಕೂಡಿಸಿದ ಸಂಗೀತವನ್ನು ನಾಲ್ವರೇ ಆಗ ವೇದಿಕೆಗೆ ತರುವುದಾದರೂ ಹೇಗೆ?

ತಂದವರು ನಕಲಿನವರು. ಲಂಡನ್ನಿನ 'ಬೀಟಲ್‌ಮೇನಿಯಾ' ನಾಟಕದ ಕಲಾವಿದರು 1980ರಲ್ಲಿ 'ಬೂಟ್‌ಲೆಗ್ ಬೀಟಲ್ಸ್' ಕಟ್ಟಿದರು. ಅವರ ವಿಗ್ಗು, ಮೀಸೆ ನಮಗೆ ಅಷ್ಟಕ್ಕಷ್ಟೆ. 1998ರಲ್ಲಿ ಶುರುವಾದ ನ್ಯೂಯಾರ್ಕಿನ 'ಫ್ಯಾಬ್ ಫೋ' ವೇಷ ಹಾಕದೆ ಸ್ವರಕ್ಕೆ ಸ್ವರ ನುಡಿಸುತ್ತದೆ. ಟಿಕೆಟ್ ಕೊಳ್ಳುವುದಾದರೆ ನಾವು ಅದಕ್ಕೇ ಕೊಳ್ಳುತ್ತೇವೆ.